ಟಕ್ಕರ್ ಸಾಹೇಬರ ಮನೆತನವೂ ನಮ್ಮ ಖಾಲಿ ಜಾಗವೂ

ಬೇರೆಯವರ ಅಜ್ಜಂದಿರನ್ನು ತೊಡೆಯ ಮೇಲೆ ಕೂರಿಸಿಕೊಂಡು ದುಬೈಯಿಂದ ಅಬುಧಾಬಿಗೆ ಬಸ್ಸಿನಲ್ಲಿ ಬಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಮುಂದೆ ಓದುವ ಅಗತ್ಯವಿಲ್ಲ, ನನ್ನ ಸಿಟ್ಟು ಎಂಥದೆಂದು ನಿಮಗೆ ಆಗಲೇ ಗೊತ್ತು. ಉಳಿದವರಿಗೆ ವಿವರವಾಗಿಯೇ ಹೇಳಬೇಕು.

ಅಜ್ಜಂದಿರು ನಮ್ಮ ಮ್ಯಾನೇಜರ್ ಟಕ್ಕರ್ ಸಾಹೇಬರಿಗೆ ಸೇರಿದವರು. ಹೆಸರು ಕೇಳಿದ ಕೂಡಲೇ ‘ಯಾರಿಗೆ ಟಕ್ಕರ್ ಕೊಟ್ಟರು’ ಎಂಬ ತಮಾಷೆ ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ಕಳೆದ ಮೂರು ವರ್ಷಗಳಲ್ಲಿ ಅದನ್ನು ನಾನೇ ಮಾಡಿ ಸವೆಸಿಬಿಟ್ಟಿದ್ದೇನೆ, ದಯವಿಟ್ಟು ನೀವು ಶುರುಮಾಡಬೇಡಿ. ಸಾಹೇಬರು ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಸೀಮೆಯವರು. ಕೆಟ್ಟವರಲ್ಲ. ಸಂಬಳದ ದಿನ ತಾವೇ ಕೇಕ್ ತರುತ್ತಾರೆ. ಬಾಯಿ ತುಂಬಾ ವೀಳ್ಯ ತುಂಬಿಕೊಂಡು ಉಗುಳಲು ಜಾಗ ಸಿಗದವರ ಹಾಗೆ ಇಂಗ್ಲಿಷ್ ಮಾತಾಡುತ್ತಾರೆ ಎಂಬುದೊಂದೇ ದೋಷ. ಅದನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತೇನೆಂದರೆ, ಒಮ್ಮೆ ಅವರ ಫೋನಿಗೆ ಬಂದ ಕರೆಗೆ ಅವರ ದನಿಯಲ್ಲೇ ಉತ್ತರಿಸಿ, ಲಿಫ್ಟ್ ರಿಪೇರಿಗೆ ಜನ ಕಳಿಸುತ್ತೇನೆಂದು ಮಾತು ಕೊಟ್ಟು, ಆಮೇಲೆ ನಾನೇ ಓಡಿಹೋಗಿ ಜನ ಕಳಿಸಬೇಕಾಗಿ ಬಂದಿತ್ತು.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ ನಮ್ಮ ಆಫೀಸು. ಊರಿಡೀ ಲಿಫ್ಟ್ ರಿಪೇರಿ ಮಾಡಿಸುವುದು ನಮ್ಮ ಕಂಪನಿಯ ಕೆಲಸ. ನಮ್ಮ ಲಿಫ್ಟ್ ಮಾತ್ರ ವಾರಕ್ಕೆರಡು ದಿನ ಕೆಟ್ಟಿರುತ್ತದೆ. ಇಂಥ ಆಫೀಸಿಗೆ ಒಂದು ದಿನ ಸಾಹೇಬರ ತಂಗಿ ಊರಿನಿಂದ ಉದ್ದನೆಯ ಕೊಳವೆಯೊಂದನ್ನು ಕಳಿಸಿದರು. ಒಳಗೆ ಸುರುಳಿ ಸುತ್ತಿದ ದಪ್ಪ ಕಾಗದ, ಅದರ ಮೇಲೆ ಟಕ್ಕರ್ ಎಂಬ ಮನೆಹೆಸರಿನ ಹುಟ್ಟು, ಬೆಳವಣಿಗೆ, ಕೀರ್ತಿ. ಚಿನ್ನದ ಬಣ್ಣದ ಚೌಕಟ್ಟು ದುಬೈಯ ಸತ್ವಾದ ಒಂದು ಹಳೆಯ ಅಂಗಡಿಯಲ್ಲಿ ಮಾತ್ರ ಚೆನ್ನಾಗಿ ಮಾಡುತ್ತಾರೆಂದು ಯಾರೋ ಅವರ ಕಿವಿಯಲ್ಲಿ ಊದಿದರು. ಅಬುಧಾಬಿಯಲ್ಲಿ ಚೌಕಟ್ಟಿಗೇನು ಬರವೇ? ಇಲ್ಲ. ಆದರೂ ನಾನು ಹೋದೆ. ಸತ್ವಾದ ದರ್ಜಿ ಅಂಗಡಿಗಳ ಸಾಲಿನಲ್ಲಿ ಬೆವರು ಸುರಿಸುತ್ತಾ ಎರಡು ತಾಸು ಕಾದೆ. ವಾಪಸು ಬರುವಾಗ ಬಸ್ಸಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟರೆ ಗಾಜು ಒಡೆದೀತೆಂದು ತೊಡೆಯ ಮೇಲಿಟ್ಟುಕೊಂಡೆ. ಪಕ್ಕದ ಸೀಟಿನ ಪಠಾಣ ಅದನ್ನು ನೋಡಿ ಬಹಳ ಮರ್ಯಾದೆಯಿಂದ ಸರಿದು ಕುಳಿತ. ತೀರಿಕೊಂಡವರ ಫೋಟೋ ಎಂದುಕೊಂಡನೋ ಏನೋ.

ಒಂದೂವರೆ ತಾಸಿನ ದಾರಿ. ಹೊರಗೆ ನೋಡಲು ಮರಳು, ಒಳಗೆ ಓದಲು ಟಕ್ಕರ್. ಓದಿದೆ.

ಟಕ್ಕರ್ ಎಂದರೆ ಬಟ್ಟೆ ತುಳಿಯುವವನು. ಹಿಂದಿನ ಕಾಲದಲ್ಲಿ ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಒರಟಾಗಿ, ಸಡಿಲವಾಗಿ, ಜಿಡ್ಡುಜಿಡ್ಡಾಗಿ ಇರುತ್ತಿತ್ತಂತೆ. ಅದನ್ನು ತೊಟ್ಟಿಯಲ್ಲಿ ನೆನೆಹಾಕಿ, ಒಳಗಿಳಿದು, ಗಂಟೆಗಟ್ಟಲೆ ಕಾಲಿನಿಂದ ತುಳಿದು, ಎಳೆಗಳು ಒತ್ತಾಗುವ ಹಾಗೆ ಮಾಡಿ, ತೊಳೆದು, ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸುವವನಿಗೆ ಡೆವನ್ ಕಡೆ ಟಕ್ಕರ್ ಎನ್ನುತ್ತಿದ್ದರಂತೆ. ಅದೇ ಕೆಲಸದವನಿಗೆ ಉತ್ತರದಲ್ಲಿ ವಾಕರ್, ಪೂರ್ವದಲ್ಲಿ ಫುಲ್ಲರ್. ಒಂದೇ ತೊಟ್ಟಿಗೆ ಇಳಿದವರಿಗೆ ಸೀಮೆಗೊಂದು ಹೆಸರು. ಟಕ್ಕರ್ ಎಂಬ ಮಾತಿನ ಬೇರು ಇನ್ನೂ ಹಿಂದಕ್ಕೆ ಹೋದರೆ ‘ಹಿಂಸೆ ಕೊಡುವುದು’ ಎಂಬ ಅರ್ಥಕ್ಕೆ ಮುಟ್ಟುತ್ತದಂತೆ. ಬಟ್ಟೆಗೆ ಕೊಡುವ ಹಿಂಸೆ. ತಲೆಮಾರು ಕಳೆದಂತೆ ತೊಟ್ಟಿ ಹೋಯಿತು, ನೀರಿನ ಗಿರಣಿ ಬಂತು, ತುಳಿಯುವುದೂ ನಿಂತಿತು. ಹೆಸರು ಉಳಿಯಿತು.

ಇಷ್ಟನ್ನು ಅಲಂಕಾರದ ಅಕ್ಷರಗಳಲ್ಲಿ ಬರೆದು, ಮೇಲೆ ಒಂದು ಗುರಾಣಿ, ಗುರಾಣಿಯ ಮೇಲೆ ನಾಲಿಗೆ ಚಾಚಿದ ಒಂದು ಸಿಂಹ. ನನಗೆ ಮೊದಲು ರೇಗಿದ್ದು ಆ ಸಿಂಹದ ಮೇಲೆ. ಬಟ್ಟೆ ತುಳಿಯುವವನ ಮನೆಯಲ್ಲಿ ಸಿಂಹಕ್ಕೇನು ಕೆಲಸ? ಒಂದು ತೊಟ್ಟಿ ಬಿಡಿಸಲಿ, ಎರಡು ಬರಿಗಾಲು ಬಿಡಿಸಲಿ, ಒಪ್ಪೋಣ. ಫೋನಿನಲ್ಲಿ ಹುಡುಕಿದರೆ ಇನ್ನೊಂದು ಸಂಗತಿಯೂ ಸಿಕ್ಕಿತು. ಉಣ್ಣೆಯ ಜಿಡ್ಡು ಬಿಡಿಸಲು ಆ ತೊಟ್ಟಿಗೆ ಹಾಕುತ್ತಿದ್ದದ್ದು ದಿನಗಟ್ಟಲೆ ಹುಳಿಹಿಡಿಸಿದ ಮೂತ್ರ, ಮನೆಮನೆಗೆ ಹೋಗಿ ಸಂಗ್ರಹಿಸಿದ್ದು. ಚಿನ್ನದ ಚೌಕಟ್ಟಿನ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಸಿಂಹದ ಪಕ್ಕದಲ್ಲಿ ಒಂದು ಕೊಡವನ್ನಾದರೂ ಬರೆಯಬಹುದಿತ್ತಲ್ಲವೇ?

ಮರುದಿನ ಚೌಕಟ್ಟು ಸಾಹೇಬರ ಕ್ಯಾಬಿನ್ನಿನ ಗೋಡೆ ಏರಿತು. ಚಹಾದ ಹೊತ್ತಿಗೆ ಎಲ್ಲರನ್ನೂ ಒಳಗೆ ಕರೆದು, ಅದೇ ವೀಳ್ಯದ ಬಾಯಲ್ಲಿ ಹೇಳಿದರು (ಕನ್ನಡದಲ್ಲಿ ಮಿಮಿಕ್ರಿ ಮಾಡುತ್ತಿದ್ದೇನೆ, ಸಹಿಸಿಕೊಳ್ಳಿ): “ನೋಡಿ ಗೆಳೆಯರೇ, ನಾವು ಸಾಮಾನ್ಯ ಜನ. ಬಟ್ಟೆ ತುಳಿದು ಬದುಕಿದವರು. ನನಗೆ ಅದರಲ್ಲಿ ಬಹಳ ಹೆಮ್ಮೆ. ಈಗ ನಿಮ್ಮ ನಿಮ್ಮ ಮನೆಹೆಸರಿನ ಕಥೆ ಹೇಳಿ.”

ನಮ್ಮ ಆಫೀಸಿನ ರೊನಾಲ್ಡ್ ಲೋಬೊ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ. ಎದ್ದು ನಿಂತು, “ಲೋಬೊ ಅಂದ್ರೆ ತೋಳ, ಸರ್. ನಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಪೋರ್ಚುಗೀಸ್ ಪಾದ್ರಿ ಕೊಟ್ಟ ಹೆಸರು. ಯಾಕೆ ಕೊಟ್ಟರು, ಅವರಿಗೇ ಗೊತ್ತು” ಎಂದ. ಎಲ್ಲರೂ ನಕ್ಕರು. ಆಮೇಲೆ ಸಾಹೇಬರು ನನ್ನ ಕಡೆ ತಿರುಗಿದರು.

“ಹರೀಶ್ ಕುಮಾರ್. ಕುಮಾರ್ ಅಂದರೆ?”

“ರಾಜಕುಮಾರ ಅಂತ ಸರ್,” ಎಂದೆ. ಅರ್ಧ ಕ್ಷಣವೂ ತಡೆಯಲಿಲ್ಲ ನೋಡಿ. ಸುಳ್ಳು ಹೇಳುವಾಗ ನನ್ನ ಬಾಯಿಗೆ ಅಂಥ ಚುರುಕು.

ಅವತ್ತಿನಿಂದ ನಾನು ಆಫೀಸಿನಲ್ಲಿ ಪ್ರಿನ್ಸ್ ಆದೆ. “ಪ್ರಿನ್ಸ್, ಮುಸಫ್ಫಾದ ಫೈಲ್ ತಾ.” “ಪ್ರಿನ್ಸ್, ಪ್ರಿಂಟರಿಗೆ ಕಾಗದ ಹಾಕು.” ಗಿರಾಕಿಗಳು ಬಂದರೆ ಸಾಹೇಬರು ನನ್ನನ್ನು ಪರಿಚಯಿಸುವಾಗ ನಮ್ಮ ಕಳೆದುಹೋದ ಅರಮನೆಯ ಬಗ್ಗೆ ಒಂದು ಮಾತು ಸೇರಿಸುತ್ತಿದ್ದರು. ಅರಮನೆಯನ್ನು ನಾನು ಹೇಳಿರಲಿಲ್ಲ, ಅದು ಅವರ ಸ್ವಂತ ಕೊಡುಗೆ. ನಾನು ತಲೆ ತಗ್ಗಿಸಿ ಕಿರುನಗೆ ನಗುತ್ತಿದ್ದೆ, ಅರಮನೆ ಕಳೆದುಕೊಂಡವರು ನಗುವ ಹಾಗೆ. ಅದನ್ನೂ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ.

ಈಗ ನಿಜ ಹೇಳಿಬಿಡುತ್ತೇನೆ. ನಾವು ಕಾರ್ಕಳದ ಹತ್ತಿರದ ಒಂದು ಹಳ್ಳಿಯ ಮಡಿವಾಳರು. ಅಪ್ಪ ಅಮ್ಮ ಇಬ್ಬರೂ ಸುತ್ತಲಿನ ಮನೆಗಳ ಬಟ್ಟೆ ಒಗೆದು ನಮ್ಮನ್ನು ಸಾಕಿದವರು. ಅಮ್ಮನಿಗೆ ಊರಿನ ಜನರ ಮುಖಕ್ಕಿಂತ ಅವರ ಬಟ್ಟೆಯ ಗುರುತು ಹೆಚ್ಚು ಪರಿಚಿತ. ಕೇರುಬೀಜದ ಮಸಿಯಲ್ಲಿ ಅಂಚಿಗೆ ಹಾಕುವ ಆ ಚುಕ್ಕೆ, ಗೀಟು, ಕತ್ತರಿಗಳಲ್ಲಿ ಮನೆಗೊಂದು ಗುರುತು. ಅಮ್ಮ ಶಾಲೆಗೆ ಹೋದವರಲ್ಲ, ಆದರೆ ಆ ಲಿಪಿಯಲ್ಲಿ ಅವರನ್ನು ಮೀರಿಸಿದ ಪಂಡಿತರಿಲ್ಲ.

ನಾಲ್ಕನೇ ಕ್ಲಾಸಿನ ತನಕ ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಹರೀಶ ಮಡಿವಾಳ ಎಂದೇ ಇತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ನನ್ನ ಡೆಸ್ಕಿನ ಮೇಲೆ ಏಳೆಂಟು ಕರವಸ್ತ್ರಗಳ ರಾಶಿ. ಶೀತದ ದಿನಗಳು ಬೇರೆ. “ಒಗೆದು ನಾಳೆ ತಾ,” ಎಂದರು ಕ್ಲಾಸಿನ ಹುಡುಗರು. ಮಾಸ್ತರರು ಗದರಲಿಲ್ಲ, ಬೋರ್ಡಿನ ಕಡೆ ತಿರುಗಿಕೊಂಡರು. ಅವರ ಬೆನ್ನು ಅಲುಗುತ್ತಿತ್ತು, ನಗುತ್ತಿದ್ದರೆಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ಮನೆಗೆ ಬಂದು ಅತ್ತೆ. ಅಮ್ಮ ಕರವಸ್ತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿ, “ಸಿಂಬಳ ಅವರದ್ದು. ನೀನು ಯಾಕೆ ಅಳ್ತಿ?” ಎಂದು ಕೇಳಿ, ಎಲ್ಲವನ್ನೂ ಒಗೆದು, ಇಸ್ತ್ರಿ ಹಾಕಿ, ಮೂಲೆಯಲ್ಲಿ ಅವರವರ ಮನೆಯ ಗುರುತನ್ನೂ ಹಾಕಿ ಕಳಿಸಿದರು. ಅಪ್ಪ ಮರುದಿನ ಶಾಲೆಗೆ ಬಂದು ಹೆಡ್ಮಾಸ್ತರರ ಕೋಣೆಯ ಹೊರಗೆ ನಿಂತರು. ನಾನು ಸಂಜೆ ಹರೀಶ್ ಕುಮಾರ್ ಆಗಿ ಮನೆಗೆ ಹೋದೆ. ಇನ್ನೊಬ್ಬರ ದನಿಯಲ್ಲಿ ಮಾತಾಡುವ ಚಟ ಶುರುವಾದದ್ದೂ ಆ ವರ್ಷವೇ. ಮೊದಲು ಕದ್ದದ್ದು ಆ ಮಾಸ್ತರರ ದನಿಯನ್ನು.

ಆದ್ದರಿಂದ ಸಾಹೇಬರ ಹೆಮ್ಮೆಯನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ತೊಟ್ಟಿಯನ್ನು ಚಿನ್ನದಲ್ಲಿ ಕಟ್ಟಿಸಿ ಗೋಡೆಗೆ ಹಾಕಬಹುದು, ನಾನು ಹಾಜರಿ ಪುಸ್ತಕದಿಂದಲೂ ಅಳಿಸಬೇಕು. ಯಾವ ನ್ಯಾಯ ಇದು? ಉರಿದುಕೊಂಡೇ ಹೋಗಿ ಅವರ ಪ್ರಿಂಟರಿಗೆ ಕಾಗದ ಹಾಕಿದೆ. ನನ್ನ ಕ್ರಾಂತಿ ಅಷ್ಟೇ.

ಹೀಗಿರುವಾಗ ಅಕ್ಕನ ಹೆರಿಗೆಯ ದಿನ ಹತ್ತಿರ ಬಂತು. ಅಕ್ಕ ಇಲ್ಲೇ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಭಾವನಿಗೆ ಹಡಗಿನಲ್ಲಿ ಕೆಲಸ, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ. ಚೊಚ್ಚಲ ಬಾಣಂತನಕ್ಕೆ ಅಮ್ಮ ಬರಲೇಬೇಕು. ಡಾಕ್ಟರು ಕೊಟ್ಟ ದಿನಕ್ಕೆ ಐದು ವಾರ ಉಳಿದಿತ್ತು. ಅಮ್ಮನ ಪಾಸ್‌ಪೋರ್ಟಿನ ಪ್ರತಿ ಹಿಡಿದುಕೊಂಡು ಎಲೆಕ್ಟ್ರಾ ಸ್ಟ್ರೀಟಿನಲ್ಲಿ ವೀಸಾದ ಕಾಗದ ಮಾಡಿಕೊಡುವ ಟೈಪಿಂಗ್ ಅಂಗಡಿಗೆ ಹೋದೆ. ಅಂಗಡಿಯ ಇರ್ಷಾದ್ ಭಾಯ್ ಭಟ್ಕಳದವರು. ಕಂಪ್ಯೂಟರಿನಿಂದ ಕಣ್ಣು ಕೀಳದೆ ಮೂರು ಭಾಷೆಗಳಲ್ಲಿ ಮೂರು ಜನರನ್ನು ಏಕಕಾಲಕ್ಕೆ ಬೈಯಬಲ್ಲವರು.

“ಹೆಸರು ಗಿರಿಜಾ. ಮುಂದೆ?”

“ಮುಂದೆ ಏನಿಲ್ಲ ಭಾಯ್. ಗಿರಿಜಾ, ಅಷ್ಟೇ.”

“ಅಷ್ಟೇ ಅಂದ್ರೆ? ಸರ್‌ನೇಮ್ ಜಾಗ ಖಾಲಿ ಉಂಟು ನೋಡಿ. ಖಾಲಿ ಬಿಟ್ರೆ ವಿಸಿಟ್ ವೀಸಾ ಮಾಫಿ, ಸಿಗುವುದಿಲ್ಲ. ಸಿಸ್ಟಂ ಮುಂದೆ ಹೋಗುವುದೇ ಇಲ್ಲ.”

“ಅರವತ್ತು ವರ್ಷ ಒಂದೇ ಹೆಸರಲ್ಲಿ ಬದುಕಿದ್ದಾರೆ ಭಾಯ್ ಅವರು.”

“ಬದುಕಲಿ, ಯಾರು ಬೇಡ ಅಂದ್ರು? ವಿಮಾನ ಹತ್ತಲಿಕ್ಕೆ ಎರಡು ಹೆಸರು ಬೇಕು. ಊರಲ್ಲಿ ತತ್ಕಾಲದಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿ ತನ್ನಿ. ಯಲ್ಲಾ, ಹಿಂದಿನವರು ಬನ್ನಿ.”

ಒಂದು ಖಾಲಿ ಜಾಗ. ಅದರೊಳಗೆ ಏನಾದರೂ ತುಂಬದಿದ್ದರೆ ಅಕ್ಕ ಒಬ್ಬಳೇ ಹೆರಬೇಕು. ಸಂಜೆ ಅಮ್ಮನಿಗೆ ಫೋನು ಮಾಡಿದೆ. ನಮ್ಮ ಮನೆಮಾತು ತುಳು, ಕನ್ನಡಕ್ಕೆ ತಿರುಗಿಸಿ ಕೊಡುತ್ತಿದ್ದೇನೆ.

“ಅಮ್ಮಾ, ಪಾಸ್‌ಪೋರ್ಟ್ ಆಫೀಸಿನಲ್ಲಿ ಸರ್‌ನೇಮ್ ಕೇಳಿದ್ರೆ ಕುಮಾರ್ ಅಂತ ಹೇಳಿ.”

“ಯಾವ ಕುಮಾರ?”

“ನನ್ನ ಹೆಸರಲ್ಲಿ ಇಲ್ವಾ, ಅದೇ ಕುಮಾರ್.”

“ಗಿರಿಜಾ ಕುಮಾರ. ಹಾಗೆ ಒಬ್ಬರು ಇದ್ದಾರಾ ಮಗಾ? ಅದು ನನ್ನ ಹೆಸರಾ, ಬೇರೆ ಯಾರದ್ದಾದ್ರೂ ಗಂಡನದ್ದಾ?”

“ಅರ್ಥ ಎಂತ ಬೇಕಾದ್ರೂ ಇರಲಿ. ಜಾಗ ತುಂಬಿದ್ರೆ ಸಾಕು.”

“ಆಯ್ತು, ತುಂಬಿಸ್ತೇನೆ,” ಎಂದರು. ಆ ದನಿ ನನಗೆ ಗೊತ್ತು, ಅನುಕರಿಸಲಿಕ್ಕೂ ಬರುತ್ತದೆ. ಹೇಳಿದ್ದನ್ನು ಕೇಳಿಸಿಕೊಂಡೆ, ಮಾಡುವುದು ನನ್ನ ಇಷ್ಟ ಎಂಬ ದನಿ ಅದು.

ಎರಡು ವಾರದಲ್ಲಿ ಹೊಸ ಪಾಸ್‌ಪೋರ್ಟಿನ ಚಿತ್ರ ಫೋನಿಗೆ ಬಂತು. ಗಿರಿಜಾ ಮಡಿವಾಳ. ಕೌಂಟರಿನ ಹುಡುಗಿ ಕೇಳಿದಳಂತೆ, ಅಮ್ಮ ಗಟ್ಟಿಯಾಗಿ ಹೇಳಿದರಂತೆ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ. “ನೋಡ್ಲಿ. ನಾನೂ ಅವರ ಅಂಗಿಯ ಕಾಲರ್ ನೋಡಿದೆ,” ಎಂದರು ಅಮ್ಮ.

ನಾನು ಮತ್ತೆ ಇರ್ಷಾದ್ ಭಾಯಿಯ ಅಂಗಡಿಗೆ ಓಡಿದೆ. ಅವರು ನನ್ನ ಐಡಿಯನ್ನೂ ಅಮ್ಮನ ಪಾಸ್‌ಪೋರ್ಟನ್ನೂ ಅಕ್ಕಪಕ್ಕ ಇಟ್ಟರು. “ಮಗ ಕುಮಾರ್, ತಾಯಿ ಮಡಿವಾಳ. ಕೇಳಿದವರಿಗೆ ಎಂತ ಹೇಳುವುದು? ಇವರು ನನ್ನ ತಾಯಿ, ನನ್ನ ಜೊತೆ ಇರ್ತಾರೆ ಅಂತ ಕಂಪನಿಯಿಂದ ಒಂದು ಲೆಟರ್ ತನ್ನಿ. ಮ್ಯಾನೇಜರ್ ಸೈನ್ ಬೇಕು. ಆಮೇಲೆ ಖಲಾಸ್.”

ಮ್ಯಾನೇಜರ್ ಸೈನ್. ಅಂದರೆ ಟಕ್ಕರ್ ಸಾಹೇಬರ ಮೇಜು.

ಲೆಟರ್ ಟೈಪ್ ಮಾಡಿ ಒಂದಿಡೀ ದಿನ ಡ್ರಾಯರಿನಲ್ಲಿಟ್ಟೆ. ಹೇಳಬೇಕಾದ ಸುಳ್ಳುಗಳ ಪಟ್ಟಿ ಮನಸ್ಸಿನಲ್ಲೇ ತಯಾರಾಯಿತು. ಮಡಿವಾಳ ಬೆಂಗಳೂರಿನ ಒಂದು ಬಡಾವಣೆ, ನಮ್ಮ ಅರಮನೆ ಇದ್ದದ್ದು ಅಲ್ಲೇ. ಅಥವಾ ಅದು ರಾಜಮಾತೆಯರಿಗೆ ಕೊಡುವ ಬಿರುದು. ನೋಡಿ, ಎಷ್ಟು ಸಲೀಸಾಗಿ ಬರುತ್ತವೆ. ಆದರೆ ಅಕ್ಕನ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ, ಡ್ರಾಯರಿನೊಳಗೆ ದಿನ ಕಳೆಯುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಲೆಟರ್ ಒಯ್ದು ಮೇಜಿನ ಮೇಲಿಟ್ಟೆ. ಸಾಹೇಬರು ಕನ್ನಡಕ ಏರಿಸಿ ಓದಿದರು. ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು, ನಿಂತಿತು.

“ಪ್ರಿನ್ಸ್, ನಿನ್ನ ತಾಯಿಯ ಮನೆಹೆಸರು ಬೇರೆ ಇದೆ. ಮ-ಡಿ-ವಾ-ಲಾ. ಇದರ ಅರ್ಥವೇನು?”

ಬಾಯಿ ತೆರೆದೆ. ಪಾಸ್‌ಪೋರ್ಟ್ ಆಫೀಸಿನ ಸಾಲಿನಲ್ಲಿ ನಿಂತ ಅಮ್ಮ ಕಣ್ಣಿಗೆ ಕಟ್ಟಿದರು. ಸುಳ್ಳು ಬಾಯಿಗೆ ಬರಲಿಲ್ಲ. ಮೊದಲ ಬಾರಿಗೆ.

“ಟಕ್ಕರ್ ಅಂತ, ಸರ್.”

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಬಟ್ಟೆ ಹೇಳಿದೆ, ಹೊಳೆ ಹೇಳಿದೆ, ಚೌಳುಮಣ್ಣು ಕಲಸಿ ಹಬೆಯಲ್ಲಿಟ್ಟು ಉಬ್ಬೆ ಹಾಕುವುದನ್ನು ಹೇಳಿದೆ. ಅರಮನೆ ಇರಲಿಲ್ಲ, ಪ್ರಿನ್ಸ್ ಎಂಬುದು ನನ್ನ ಮಿಮಿಕ್ರಿ ಎಂದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಸಾಹೇಬರು ಕುರ್ಚಿಯಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದು ಕುಲುಕಿದರು. ಬಾಗಿಲು ತೆರೆದು ಆಫೀಸಿಗೆಲ್ಲ ಕೇಳುವಂತೆ, “ಬನ್ನಿ ಎಲ್ಲರೂ, ಹರೀಶ ಮತ್ತು ನಾನು ಅಣ್ಣತಮ್ಮಂದಿರು. ಎಂಥ ಸೊಗಸು, ಎಂಥ ಸೊಗಸು,” ಎಂದರು. ಲೆಟರಿಗೆ ಸಹಿ ಹಾಕಿ, ಕೆಳಗೆ ಒಂದು ನಗುಮುಖವನ್ನೂ ಬರೆಯಲು ಹೊರಟವರನ್ನು ನಾನೇ ತಡೆದೆ.

ಸಹಿ ಸಿಕ್ಕಿತು, ಕೆಲಸ ಆಯಿತು. ಆದರೂ ಮೆಟ್ಟಿಲಿಳಿಯುವಾಗ (ಲಿಫ್ಟ್ ಕೆಟ್ಟಿತ್ತು) ನನ್ನ ಕಿವಿ ಬಿಸಿಯಾಗಿತ್ತು. ಎಷ್ಟು ಸುಲಭ ಅವರಿಗೆ. ನಾನು ಇಪ್ಪತ್ತು ವರ್ಷ ಬಚ್ಚಿಟ್ಟದ್ದು ಅವರಿಗೆ ಚಹಾದ ಜೊತೆ ತಿನ್ನುವ ಬಿಸ್ಕತ್ತು. ಅವರ ಮೇಜಿನ ಮೇಲೆ ಯಾರಾದರೂ ಕರವಸ್ತ್ರ ರಾಶಿ ಹಾಕಿದ್ದರೇ? ಟಕ್ಕರ್ ಎಂದು ಕೇಳಿ ಯಾರಾದರೂ ಹೆಣ್ಣು ಕೊಡದೆ ಹೋದರೇ, ಬಾಡಿಗೆ ಮನೆ ಖಾಲಿ ಇಲ್ಲ ಎಂದರೇ? ಇದನ್ನೆಲ್ಲ ಆ ರಾತ್ರಿಯೇ ಅಮ್ಮನಿಗೆ ಫೋನಿನಲ್ಲಿ ಒದರಿದೆ. ಅಮ್ಮ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು.

“ಅವರ ಅಜ್ಜಂದಿರು ಒಗೆದದ್ದು ಹೊಸ ಬಟ್ಟೆಯಾ, ಉಟ್ಟದ್ದಾ?”

“ಹೊಸತು. ಮಗ್ಗದಿಂದ ಬಂದದ್ದು.”

“ಮತ್ತೆ ಹೇಗೆ ಅಣ್ಣತಮ್ಮ ಆಗ್ತದೆ? ನಾವು ಮುಟ್ಟಿದ್ದು ಊರಿನವರ ಮೈಯ ಕೊಳೆ. ಹೆರಿಗೆಯದ್ದು, ಸಾವಿನದ್ದು, ಎಲ್ಲ. ಅದಕ್ಕೇ ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿದ್ದು. ಅವರು ಒಳ್ಳೆಯವರೇ ಇರಬಹುದು ಮಗಾ, ಆದ್ರೆ ಅವರಿಗೆ ಗೊತ್ತಿಲ್ಲ.”

ಒಂದು ಚೌಕಟ್ಟಿನ ತುಂಬಾ ಬರೆದದ್ದನ್ನು ಅಮ್ಮ ನಾಲ್ಕು ಮಾತಿನಲ್ಲಿ ಒಗೆದು ಹಾಕಿದರು.

ಅಮ್ಮ ಹೆರಿಗೆಗೆ ಆರು ದಿನ ಮೊದಲು ಬಂದಿಳಿದರು. ಹೆಣ್ಣುಮಗು ಹುಟ್ಟಿತು. ಮಗು ಮನೆಗೆ ಬಂದ ನಾಲ್ಕನೆಯ ದಿನ ಅಕ್ಕನ ಫ್ಲಾಟಿಗೆ ಹೋದೆ. ಹೋಗುವ ದಾರಿಯಲ್ಲಿ ಲಾಂಡ್ರಿಯಿಂದ ನನ್ನ ಐದು ಅಂಗಿಗಳನ್ನು ತೆಗೆದುಕೊಂಡಿದ್ದೆ. ಅವನ್ನು ಸೋಫಾದ ಮೇಲೆ ಹಾಕಿ, ನಡುಮನೆಯಲ್ಲಿ ನಿಂತು, ಬಹಳ ದಿನದಿಂದ ತಯಾರಿಸಿಟ್ಟ ಭಾಷಣ ಶುರುಮಾಡಿದೆ. ನನಗೆ ಸಾಕಾಗಿದೆ, ನಾನೂ ಪಾಸ್‌ಪೋರ್ಟ್ ಬದಲಾಯಿಸುತ್ತೇನೆ, ಹರೀಶ ಮಡಿವಾಳ ಎಂದೇ ಬರೆಸುತ್ತೇನೆ, ನೋಡುವವರು ನೋಡಲಿ, ನಗುವವರು ನಗಲಿ. ಈ ಸಲ ಯಾರ ದನಿಯನ್ನೂ ಕದ್ದಿರಲಿಲ್ಲ, ಸ್ವಂತ ಸಿಟ್ಟು, ಸ್ವಂತ ಗಂಟಲು. ಅಕ್ಕ ಮಗುವಿಗೆ ಹಾಲೂಡಿಸುತ್ತಾ, “ಮೆಲ್ಲಗೆ ಮಾರಾಯ, ಮಗು ಏಳ್ತದೆ,” ಎಂದಳು.

ಅಮ್ಮ ನನ್ನ ಅಂಗಿಗಳ ಪ್ಲಾಸ್ಟಿಕ್ ಸರಿಸಿ ಕಾಲರ್ ನೋಡುತ್ತಿದ್ದರು.

“ಇದನ್ನು ಯಾರು ಒಗೆದದ್ದು?”

“ಲಾಂಡ್ರಿಯವರು.”

“ಎಷ್ಟು ವರ್ಷದಿಂದ?”

“ಬಂದಾಗಿನಿಂದ.”

“ಅಂಗಿ ಒಗೆಯಲಿಕ್ಕೆ ಬೇರೆಯವರು ಬೇಕು, ಹೆಸರು ಮಾತ್ರ ನಮ್ಮದು ಬೇಕಾ? ಆ ಹೆಸರು ನಾನು ಸುಮ್ಮನೆ ಬರೆಸಿದ್ದಲ್ಲ ಮಗಾ. ಕೈಯ ಚರ್ಮ ಕಳ್ಕೊಂಡು ಬರೆಸಿದ್ದು.” ಬಚ್ಚಲಿನ ಕಡೆ ಬೆರಳು ತೋರಿಸಿದರು. “ಅಲ್ಲಿ ಬಕೆಟ್‌ನಲ್ಲಿ ಮಗುವಿನ ಬಟ್ಟೆ ಉಂಟು. ಮೊದಲು ಅದು. ಹೆಸರು ಆಮೇಲೆ ನೋಡುವ.”

ಹೋದೆ. ಪ್ಯಾಂಟು ಮಡಚಿ, ಮೂಗು ಮುಚ್ಚಿಕೊಂಡು, ಕ್ರಾಂತಿಕಾರಿಯ ಹಾಗೆ ಹಲ್ಲು ಕಚ್ಚಿ ಕುಳಿತೆ. ಹನ್ನೊಂದು ಬಟ್ಟೆ. ಹಳದಿ ಕಲೆ ಎಂಬುದು ಎಂಥ ಹಟಮಾರಿ ಎಂದು ಯಾವ ಮನೆತನದ ಚರಿತ್ರೆಯಲ್ಲೂ ಬರೆದಿಲ್ಲ. ಮುಕ್ಕಾಲು ತಾಸು ಉಜ್ಜಿದೆ, ಹಿಂಡಿದೆ, ಬೆರಳ ತುದಿಗಳು ಸುಕ್ಕುಗಟ್ಟಿದವು, ಸೊಂಟ ಹಿಡಿದುಕೊಂಡಿತು. ಹಿಂಡಿದ ರಾಶಿಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ಅಮ್ಮನ ಮುಂದೆ ಹಿಡಿದೆ.

ಅಮ್ಮ ಒಂದನ್ನು ಎತ್ತಿ ಕೊಡವಿ, ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದರು. ಇನ್ನೊಂದನ್ನು ಎತ್ತಿದರು. ಮೂರನೆಯದನ್ನು ಎತ್ತಲೇ ಇಲ್ಲ. ಹನ್ನೊಂದನ್ನೂ ನನ್ನ ಕೈಯಿಂದ ತೆಗೆದುಕೊಂಡು, ಬಚ್ಚಲಿಗೆ ನಡೆದು, ಮತ್ತೆ ಅದೇ ಬಕೆಟ್ಟಿಗೆ ಹಾಕಿ ನೀರು ಬಿಟ್ಟರು.

“ನೀನು ಸದ್ಯಕ್ಕೆ ಕುಮಾರನೇ ಆಗಿರು,” ಎಂದರು.